ಕಡಲಂಚಿನ ಕಡವುಗಳು

೧

ಮಂಗಳೂರಿನಿಂದ ಕಾರವಾರದವರೆಗೆ ಕಡಲಿನ ಬದಿಯಲ್ಲಿಯೇ ಸಾಗುವ ಹೆದ್ದಾರಿಯು ನಮ್ಮ ನಾಡಿನ ರಮಣೀಯವಾದ ಮಾರ್ಗಗಳಲ್ಲಿ ಒಂದೆಂಬುದನ್ನು ಅರಿಯದವರು ವಿರಳ. ಬಯಲುಸೀಮೆಯ ಸಂಸಾರಗಳು ಶಾಲೆಯ ರಜೆಯ ಕಾಲದಲ್ಲಿ ಮಕ್ಕಳನ್ನು ಕರೆದುಕೊಂಡು ಆ ದಾರಿಯಲ್ಲಿ ಹೋಗಿಬರುವುದು ಈಗ ವಾಡಿಕೆಯಾಗಿದೆ. ಸಾದಲಿ, ಶಿಡ್ಲಘಟ್ಟ, ಚಿಂತಾಮಣಿಗಳ ಕಡೆಯಿಂದ ಹೊರಟವರು ೪೦೦ ಕಿಲೋಮೀಟರಿಗೂ ಮಿಗಿಲಾದ ದೂರವನ್ನು ಕ್ರಮಿಸಿ, ಘಟ್ಟವನ್ನಿಳಿದು, ಕಡಲನ್ನು ಮೊದಲ ಸಲ ಕಂಡಾಗ ಉಂಟಾಗುವ ಬೆರಗು ಸಾಮಾನ್ಯವಾದುದಲ್ಲ. ಅಲ್ಲಿಂದ ಉತ್ತರಕ್ಕೆ ಸುಮಾರು ೨೭೦ ಕಿಲೋಮೀಟರಿನ ಪಯಣ. ಮರವಂತೆಯಲ್ಲಿ ಒಮ್ಮೆ, ಬೈಂದೂರಿನ ಒತ್ತಿನೆಣೆಯ ಗುಡ್ಡದ ಮೇಲೆ ಒಮ್ಮೆ, ಹೊನ್ನಾವರದ ಸೇತುವೆಯ ಬಳಿ ಮತ್ತೊಮ್ಮೆ ಬಂಡಿಯನ್ನು ನಿಲ್ಲಿಸಿ ಎಲ್ಲರೂ ಇಳಿಯುವರು, ಛಾಯಾಚಿತ್ರಗಳನ್ನು ತೆಗೆದುಕೊಳ್ಳುವರು, ಸಂಜೆಯ ಹೊತ್ತಿಗೆ ಕಾರವಾರವನ್ನು ಸೇರುವರು.

ಆ ದಾರಿಯ ಚೆಲುವನ್ನು ವರ್ಣಿಸುವುದು ಈ ಲೇಖನದ ಉದ್ದೇಶವಲ್ಲ. ಚೆಲುವನ್ನು ಕಣ್ಣೇ ಬಲ್ಲುದು. ಕಣ್ಣಿಗೆ ತೋರದಿರುವುದು ದಾರಿಯ ಚರಿತ್ರೆ. ಒಂದೇ ಹಗಲಿನಲ್ಲಿ ಮುಗಿದುಹೋಗುವ ಈ ಪಯಣವು ಶತಮಾನಗಳ ಕಾಲ ವಾರಗಳ ಪಯಣವಾಗಿದ್ದಿತು. ದಾರಿಯು ಹೆಜ್ಜೆಹೆಜ್ಜೆಗೂ ತುಂಡಾಗಿದ್ದಿತು. ಇಂದು ನಾವು ಚಿತ್ರಕ್ಕಾಗಿ ಮನಸ್ಸಂತೋಷದಿಂದ ನಿಲ್ಲುವ ಎಡೆಗಳಲ್ಲಿ ಹಲವು, ಹಿಂದಿನವರು ದೋಣಿಗಾಗಿ ಕಾದು ನಿಲ್ಲಬೇಕಾಗಿದ್ದ ಕಡವುಗಳೇ ಆಗಿವೆ. ಕಡವೆಂದರೆ ದೋಣಿಯಲ್ಲಿ ಹೊಳೆಯನ್ನು ದಾಟುವ ಸ್ಥಳ. ಉತ್ತರ ಕನ್ನಡದವರು ಇದನ್ನೇ ತಾರಿ ಎನ್ನುವರು. ಈ ಕಡವುಗಳ ಕಥೆಯನ್ನು ತಿಳಿದು ಹೋದವನಿಗೆ ಅದೇ ದಾರಿಯು ಬೇರೊಂದಾಗಿ ಕಾಣುವುದು.

೨

ಮೊದಲು ನೆಲದ ಸ್ವರೂಪವನ್ನು ನೋಡೋಣ. ನಮ್ಮ ಸೀಮೆಯು ಕೆರೆಗಳ ಸೀಮೆ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಎಂಬ ನದಿಗಳು ನಂದಿಯ ಬೆಟ್ಟಸಾಲಿನ ಆಸುಪಾಸಿನಲ್ಲಿಯೇ ಹುಟ್ಟುವುವಾದರೂ ಅವು ನಮಗೆ ತೋರುವುದು ಬಹುಮಟ್ಟಿಗೆ ಮರಳಿನ ಹಾಸುಗಳಾಗಿ. ಹರಿದಾಗಲೂ ಅವು ಮೂಡಣ ದಿಕ್ಕನ್ನು ಹಿಡಿದು ಬಂಗಾಳಕೊಲ್ಲಿಗೆ ಹೋಗುವುವು. ಹೊಳೆಯು ದಾರಿಯನ್ನು ತಡೆಯುವುದೆಂಬ ಅನುಭವವು ನಮ್ಮ ಹಳ್ಳಿಗಳಿಗೆ ವರ್ಷದಲ್ಲಿ ಒಂದೆರಡು ದಿನಗಳದು, ಅದೂ ಮಳೆಯಾದ ವರ್ಷದಲ್ಲಿ.

ಕರಾವಳಿಯ ಸಂಗತಿಯೇ ಬೇರೆ. ನಮ್ಮಲ್ಲಿ ವರ್ಷಕ್ಕೆ ಸುಮಾರು ೭೦೦ ಮಿಲಿಮೀಟರು ಮಳೆಯಾದರೆ ಅಲ್ಲಿ ಅದರ ಐದು ಪಾಲು ಸುರಿಯುವುದು. ಸಹ್ಯಾದ್ರಿಯು ಕಡಲಿಗೆ ಬಹು ಸಮೀಪದಲ್ಲಿ ನಿಂತಿರುವುದರಿಂದ, ಆ ನೀರೆಲ್ಲವೂ ಸ್ವಲ್ಪವೇ ದೂರ ಹರಿದು ಪಶ್ಚಿಮ ಸಮುದ್ರವನ್ನು ಸೇರಬೇಕು. ಆದಕಾರಣ ಹೊಳೆಗಳು ಗಿಡ್ಡವಾದರೂ ಅವುಗಳ ಬಾಯಿಗಳು ಅಗಲ. ಕಡಲಿನ ಉಬ್ಬರವು ಅವುಗಳೊಳಗೆ ಬಲು ದೂರ ಏರಿಬಂದು, ಬೇಸಗೆಯಲ್ಲಿಯೂ ಅವನ್ನು ಕಾಲ್ನಡಿಗೆಯಲ್ಲಿ ದಾಟದಂತೆ ಮಾಡುವುದು. ದಕ್ಷಿಣದಿಂದ ಉತ್ತರಕ್ಕೆ ಎಣಿಸುತ್ತ ಹೋದರೆ ನೇತ್ರಾವತಿ, ಗುರುಪುರದ ಹೊಳೆ, ಮೂಲ್ಕಿಯ ಶಾಂಭವಿ, ಉದ್ಯಾವರದ ಹೊಳೆ, ಕಲ್ಯಾಣಪುರದ ಸುವರ್ಣಾ, ಸೀತಾ, ಕುಂದಾಪುರದ ಪಂಚಗಂಗಾವಳಿ, ಭಟ್ಕಳದ ಹೊಳೆಗಳು, ಹೊನ್ನಾವರದ ಶರಾವತಿ, ಕುಮಟೆಯ ಅಘನಾಶಿನಿ, ಅಂಕೋಲೆಯ ಗಂಗಾವಳಿ, ಕಾರವಾರದ ಕಾಳಿ—ಹೀಗೆ ಒಂದಾದಮೇಲೊಂದು ಅಡ್ಡ ಬರುವುವು. ಚಿಕ್ಕ ಹಳ್ಳಗಳ ಲೆಕ್ಕ ಬೇರೆ.

ಇದನ್ನು ಗಮನಿಸಿದರೆ ಒಂದು ಸತ್ಯವು ಹೊಳೆಯುವುದು. ಹಿಂದಿನ ಕರಾವಳಿಯಲ್ಲಿ ನಿಜವಾದ ಹೆದ್ದಾರಿಗಳೆಂದರೆ ಹೊಳೆಗಳೇ. ಘಟ್ಟದ ಮೇಲಿನ ಮೆಣಸು, ಅಡಕೆ, ಅಕ್ಕಿಗಳು ಎತ್ತಿನ ಹೇರಿನಲ್ಲಿ ಘಟ್ಟವನ್ನಿಳಿದು, ಹೊಳೆಯ ದಂಡೆಯಲ್ಲಿ ದೋಣಿಯನ್ನೇರಿ, ನೀರಿನ ಜೊತೆಗೆ ಪಡುವಣಕ್ಕೆ ಸಾಗಿ, ಅಳಿವೆಯ ಬಳಿ ಹಡಗನ್ನು ಸೇರುತ್ತಿದ್ದವು. ವ್ಯಾಪಾರವು ಮೂಡಣದಿಂದ ಪಡುವಣಕ್ಕೆ ನಡೆಯುತ್ತಿದ್ದಿತು. ದಕ್ಷಿಣೋತ್ತರವಾಗಿ ಕಡಲಿನ ಬದಿಯಲ್ಲಿ ನಡೆಯುವವನು ಈ ಎಲ್ಲ ಜಲಮಾರ್ಗಗಳನ್ನೂ ಅಡ್ಡಹಾಯಬೇಕು. ಬಂದರು ಬೆಳೆದದ್ದೂ ಹೊಳೆಯ ಬಾಯಲ್ಲಿ. ದಾರಿಗನು ತಡೆದು ನಿಂತದ್ದೂ ಅಲ್ಲಿಯೇ. ಆದುದರಿಂದ ದಾರಿಗನಿಗೆ ಕಡವು ಕೇವಲ ತೊಡಕಾಗಿರಲಿಲ್ಲ. ಊರು, ಸಂತೆ, ಗುಡಿ, ಮಸೀದಿ, ಛತ್ರ, ದೇಶದೇಶದ ಸುದ್ದಿ—ಎಲ್ಲವೂ ಅವನಿಗೆ ಒದಗುತ್ತಿದ್ದುದು ಆ ಸ್ಥಳದಲ್ಲಿಯೇ.

೩

ಈ ದಾರಿಯನ್ನು ಕುರಿತು ಪರದೇಶದ ಯಾತ್ರಿಕರು ಬರೆದಿಟ್ಟಿರುವ ಮಾತುಗಳು ನಮಗೆ ದೊಡ್ಡ ನಿಧಿ. ಅವರಲ್ಲಿ ಮೊದಲು ನೆನೆಯಬೇಕಾದವನು ಮೊರಾಕೋ ದೇಶದ ಇಬ್ನ್ ಬತೂತ. ೧೩೪೨ರ ಸುಮಾರಿನಲ್ಲಿ ಅವನು ಈ ತೀರಕ್ಕೆ ಬಂದನು. ಗೋವೆಯಿಂದ ಕೊಲ್ಲಂವರೆಗೆ ಎರಡು ತಿಂಗಳ ನಡಿಗೆಯ ದಾರಿಯಿದ್ದು, ಅದು ಉದ್ದಕ್ಕೂ ಮರಗಳ ನೆರಳಿನಲ್ಲಿ ಸಾಗುವುದೆಂದೂ, ಅರ್ಧ ಮೈಲಿಗೊಂದರಂತೆ ಜಗಲಿಗಳುಳ್ಳ ಮರದ ಮನೆಗಳಿದ್ದು ಎಲ್ಲ ಮತದ ದಾರಿಗರೂ ಅಲ್ಲಿ ಕುಳಿತು ದಣಿವಾರಿಸಿಕೊಳ್ಳುವರೆಂದೂ, ಪ್ರತಿಯೊಂದು ಮನೆಯ ಬಳಿಯೂ ಬಾವಿಯಿದ್ದು ನೀರು ಕೊಡುವುದಕ್ಕೆ ಒಬ್ಬನು ಇರುವನೆಂದೂ ಅವನು ತಿಳಿಸಿರುವನು. ನಮ್ಮ ಅರವಟ್ಟಿಗೆಗಳ ಪರಂಪರೆಗೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯವು ದೊರೆಯಲಾರದು. ದೊರೆಯೊಬ್ಬನ ಹೊರತು ಬೇರೆ ಯಾರೂ ಅಲ್ಲಿ ಕುದುರೆಯನ್ನಿಟ್ಟಿರುವುದಿಲ್ಲ, ಸಿರಿವಂತರು ಪಲ್ಲಕ್ಕಿಯಲ್ಲಿ ಹೋಗುವರು, ಉಳಿದವರು ನಡೆಯುವರು ಎಂದೂ ಹೇಳಿರುವನು. ಹೊನ್ನಾವರದಲ್ಲಿ ಹೆಣ್ಣುಮಕ್ಕಳ ಪಾಠಶಾಲೆಗಳು ೧೩, ಗಂಡುಮಕ್ಕಳ ಪಾಠಶಾಲೆಗಳು ೨೩ ಇದ್ದುವೆಂದು ಅವನು ಎಣಿಸಿ ಬರೆದಿರುವುದು ಇಂದಿಗೂ ಓದುವವರನ್ನು ಬೆರಗುಗೊಳಿಸುವುದು. ಇಷ್ಟಾದರೂ ಅವನು ಬಸರೂರು, ಬಾರಕೂರು, ಮಂಗಳೂರುಗಳನ್ನು ಕಂಡದ್ದು ಹಡಗಿನಲ್ಲಿ ಬಂದರಿನಿಂದ ಬಂದರಿಗೆ ಸಾಗುತ್ತ. ನೆರಳಿನ ದಾರಿಯಿದ್ದರೂ ಅನುಕೂಲವುಳ್ಳವನು ನೀರನ್ನೇ ನೆಚ್ಚುತ್ತಿದ್ದನು.

ಎರಡನೆಯವನು ಇಟಲಿ ದೇಶದ ಪಿಯೆತ್ರೊ ದೆಲ್ಲ ವಲ್ಲೆ. ೧೬೨೩ರಲ್ಲಿ ಗೋವೆಯ ಪೋರ್ತುಗೀಸರು ಇಕ್ಕೇರಿಯ ವೆಂಕಟಪ್ಪ ನಾಯಕನಲ್ಲಿಗೆ ರಾಯಭಾರವನ್ನು ಕಳುಹಿಸಿದಾಗ ಅವನೂ ಜೊತೆಗೆ ಹೊರಟನು. ಹೊನ್ನಾವರಕ್ಕೆ ಹಡಗಿನಲ್ಲಿ ಬಂದು, ಶರಾವತಿಯಲ್ಲಿ ದೋಣಿಯೇರಿ ಗೇರುಸೊಪ್ಪೆಗೆ ಹೋಗಿ, ಅಲ್ಲಿಂದ ಘಟ್ಟವನ್ನು ಹತ್ತಿದನು. ಹೇರುಗಳು ಸಿದ್ಧವಾಗುವವರೆಗೆ ಕಾಯಬೇಕಾಗಿ ಬಂದಾಗ ಒಂದು ಗುಡಿಯ ಮುಖಮಂಟಪದಲ್ಲಿ ಕುಳಿತನು. ಅಲ್ಲಿ ಕೆಲವು ಹುಡುಗರು ನೆಲದ ಮೇಲೆ ನುಣ್ಣನೆಯ ಮರಳನ್ನು ಹರಡಿ, ಬೆರಳಿನಿಂದ ಅಂಕಿಗಳನ್ನು ಬರೆಯುತ್ತ, ರಾಗವಾಗಿ ಹೇಳಿಕೊಳ್ಳುತ್ತ ಲೆಕ್ಕವನ್ನು ಕಲಿಯುತ್ತಿದ್ದರು. ಅವನು ಅದನ್ನು ಆಸಕ್ತಿಯಿಂದ ನೋಡಿ ವಿವರವಾಗಿ ಬರೆದನು. ನಮ್ಮ ಹಳೆಯ ಕೂಲಿಮಠಗಳ ಪಾಠಕ್ರಮದ ಬಗೆಗೆ ಚರಿತ್ರಕಾರರು ಇಂದು ಆಧಾರವಾಗಿ ಹಿಡಿಯುವ ಬರಹಗಳಲ್ಲಿ ಇದೂ ಒಂದು. ಇದು ನಮಗೆ ಲಭಿಸಿದುದು ಒಬ್ಬ ದಾರಿಗನು ಕಾಯಬೇಕಾಗಿ ಬಂದ ಕಾರಣದಿಂದ! ಇಕ್ಕೇರಿಯಿಂದ ಮರಳಿ ತೀರಕ್ಕಿಳಿದು ಅವನು ಮಂಗಳೂರು, ಕದ್ರಿಗಳನ್ನು ಕಂಡನು. ಉಳ್ಳಾಲದ ರಾಣಿಯನ್ನು ಭೇಟಿಯಾದುದು ಮನೇಲಿನಲ್ಲಿ. ಆಕೆಯು ಕಾಲುವೆಗಳ ಕೆಲಸವನ್ನು ನೋಡಲೆಂದು ಬರಿಗಾಲಿನಲ್ಲಿ ನಡೆದು ಹೋಗುತ್ತಿದ್ದಳು. ಉಡಿಗೆಯಲ್ಲಿ ಆಡಂಬರವಿಲ್ಲದಿದ್ದರೂ ಆಕೆಯ ಮಾತು ರಾಣಿಗೆ ತಕ್ಕುದಾಗಿದ್ದಿತೆಂದು ಅವನು ಒಪ್ಪಿಕೊಂಡಿರುವನು.

ಇದಾದ ೪೦ ವರ್ಷಗಳ ಮೇಲೆ, ೧೬೬೫ರಲ್ಲಿ, ಶಿವಾಜಿಯು ಹಡಗುಗಳ ದಂಡಿನೊಡನೆ ಬಂದು ಬಸರೂರನ್ನು ಸೂರೆಗೊಂಡನು. ಹಿಂದಿರುಗುವಾಗ ಗೋಕರ್ಣದಲ್ಲಿ ಇಳಿದು, ಅಲ್ಲಿಂದ ಅಂಕೋಲೆಯ ಮಾರ್ಗವಾಗಿ ಕಾರವಾರದವರೆಗೆ ನೆಲದ ಮೇಲೆ ನಡೆದನು. ಇಂದಿನ ಹೆದ್ದಾರಿಯ ಈ ತುಂಡು ದಂಡು ನಡೆದ ದಾರಿಯೆಂಬುದನ್ನು ಪಯಣಿಗರು ನೆನೆಯಬಹುದು.

೪

ನಮ್ಮ ಜಿಲ್ಲೆಯವರಿಗೆ ವಿಶೇಷವಾಗಿ ಪ್ರಿಯನಾಗಬೇಕಾದ ಯಾತ್ರಿಕನು ಮತ್ತೊಬ್ಬನಿರುವನು. ಅವನೇ ವೈದ್ಯನೂ ಸಸ್ಯಶಾಸ್ತ್ರಜ್ಞನೂ ಆಗಿದ್ದ ಫ್ರಾನ್ಸಿಸ್ ಬುಕಾನನ್. ಶ್ರೀರಂಗಪಟ್ಟಣವು ಬಿದ್ದ ಮರುವರ್ಷ, ೧೮೦೦ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಅವನು ಮದರಾಸಿನಿಂದ ಹೊರಟನು. ಹೊಸದಾಗಿ ಕೈಸೇರಿದ ದೇಶಗಳ ಬೇಸಾಯ, ಕೈಗಾರಿಕೆ, ವ್ಯಾಪಾರ, ಜನಜೀವನಗಳನ್ನು ವಿಚಾರಿಸಿ ಬರೆಯುವುದು ಅವನ ಕೆಲಸ. ಆ ವರ್ಷ ಅವನು ಕೋಲಾರ, ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರಗಳ ಸೀಮೆಯಲ್ಲಿ ಸಂಚರಿಸಿದನು. ೧೮೦೧ರ ಮೊದಲ ತಿಂಗಳುಗಳಲ್ಲಿ ಅದೇ ಬುಕಾನನ್ ಮಲೆಯಾಳ ದೇಶದಿಂದ ಮೇಲಕ್ಕೆ ಬಂದು, ಮಂಗಳೂರು, ಕಾರ್ಕಳ, ಉಡುಪಿ, ಕುಂದಾಪುರ, ಬೈಂದೂರು, ಭಟ್ಕಳ, ಮುರುಡೇಶ್ವರ, ಹೊನ್ನಾವರ, ಗೋಕರ್ಣ, ಅಂಕೋಲೆಗಳನ್ನು ಹಾಯ್ದು, ಕಾಳಿಯ ದಡದ ಸದಾಶಿವಗಡವನ್ನು ಮುಟ್ಟಿ, ಅಲ್ಲಿಂದ ಘಟ್ಟವನ್ನೇರಿ ಯಲ್ಲಾಪುರ, ಸೋಂದೆಗಳ ಕಡೆಗೆ ಹೋದನು. ನಮ್ಮ ಬಯಲನ್ನೂ ಆ ತೀರವನ್ನೂ ಒಂದೇ ಪಯಣದಲ್ಲಿ, ಒಂದೇ ಲೇಖನಿಯಿಂದ ಬರೆದಿಟ್ಟವನು ಇವನು. ಅವನ ದಿನಚರಿಯು ೧೮೦೭ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು.

ಬುಕಾನನ್ನನ ಪಯಣದ ಕ್ರಮವು ವಿಚಾರಾರ್ಹವಾದುದು. ದಿನಕ್ಕೆ ಕೆಲವೇ ಹರದಾರಿಗಳಷ್ಟು ನಡೆದು, ಬಿಡಾರವನ್ನು ಹೂಡಿ, ಊರಿನ ಶಾನುಭೋಗನನ್ನೂ ಒಕ್ಕಲನ್ನೂ ವರ್ತಕನನ್ನೂ ಕರೆದು ಕೇಳುವನು. ಈ ಗದ್ದೆಗೆ ಎಷ್ಟು ಬೀಜ, ಎಷ್ಟು ಫಲ? ಈ ತೋಟದ ಮೆಣಸನ್ನು ಯಾರು ಕೊಳ್ಳುವರು? ಉಪ್ಪನ್ನು ಹೇಗೆ ತೆಗೆಯುವರು? ಅವನು ಆಳುವವರ ಸೇವಕನಾಗಿ, ಅವರ ಆದಾಯಕ್ಕಾಗಿ ಕೇಳಿದನೆಂಬುದು ನಿಜ. ಅವನ ಅಭಿಪ್ರಾಯಗಳಲ್ಲಿ ಪರಕೀಯನ ತಾತ್ಸಾರವು ಇಣುಕುವುದೂ ಉಂಟು. ಆದರೂ ನಿಂತು ಕೇಳಿದ ಕಾರಣದಿಂದ ಅವನ ಹೊತ್ತಗೆಯು ಎರಡು ಶತಮಾನಗಳ ಮೇಲೆಯೂ ಬಾಳುತ್ತಿರುವುದು. ಓಡಿಹೋದವನಿಗೆ ಇಷ್ಟು ದೊರೆಯುತ್ತಿರಲಿಲ್ಲ.

೫

ಇನ್ನು ಈ ದಾರಿಯ ರಾಜಕೀಯದ ಚರಿತ್ರೆ. ಹೈದರಾಲಿಯು ೧೭೬೩ರಲ್ಲಿ ಬಿದನೂರನ್ನು ಗೆದ್ದಮೇಲೆ ಮೈಸೂರಿಗೆ ಕಡಲತೀರವು ದೊರೆಯಿತು. ೧೭೮೪ರ ಮಂಗಳೂರಿನ ಒಪ್ಪಂದವು ಆ ತೀರದಲ್ಲಿಯೇ ನಡೆಯಿತು. ೧೭೯೯ರಲ್ಲಿ ಟಿಪ್ಪುವು ಮಡಿದಾಗ ಕಂಪೆನಿಯವರು ಕನ್ನಡ ಜಿಲ್ಲೆಯನ್ನು ತಮಗೆ ಇಟ್ಟುಕೊಂಡು, ಒಡೆಯರಿಗೆ ಕಡಲಿಲ್ಲದ ಮೈಸೂರನ್ನು ಕೊಟ್ಟರು. ಕನ್ನಡ ಜಿಲ್ಲೆಯ ಮೊದಲ ಕಲೆಕ್ಟರನಾದ ತಾಮಸ್ ಮನ್ರೋ ಅಲ್ಲಿಯ ಎಡೆಬಿಡದ ಮಳೆಗೂ ದಾರಿಗಳ ದುರವಸ್ಥೆಗೂ ಬೇಸತ್ತು, ಸುಮಾರು ಒಂದು ವರ್ಷದಲ್ಲಿಯೇ ವರ್ಗಮಾಡಿಸಿಕೊಂಡು ಹೋದನು. ೧೮೬೨ರಲ್ಲಿ ಆ ಜಿಲ್ಲೆಯ ನೆಲವೂ ಎರಡು ಪ್ರಾಂತಗಳಿಗೆ ಹಂಚಿಹೋಯಿತು. ಧಾರವಾಡದ ಹತ್ತಿಯನ್ನು ಕಾರವಾರದ ಬಂದರಿನಿಂದ ಸಾಗಿಸಬೇಕೆಂಬ ಅಪೇಕ್ಷೆಯಿಂದ ಉತ್ತರ ಭಾಗವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ದಕ್ಷಿಣ ಭಾಗವು ಮದರಾಸಿನಲ್ಲಿ ಉಳಿಯಿತು. ಭಟ್ಕಳಕ್ಕೂ ಬೈಂದೂರಿಗೂ ನಡುವೆ ಎರಡು ಪ್ರಾಂತಗಳ ಗಡಿಯು ಬಿದ್ದಿತು. ಒಂದೇ ತೀರ, ಒಂದೇ ನುಡಿ; ದಾರಿಯ ಹಣವನ್ನು ಮಂಜೂರು ಮಾಡುವವರು ಮಾತ್ರ ಒಬ್ಬರು ಮುಂಬಯಿಯಲ್ಲಿ, ಒಬ್ಬರು ಮದರಾಸಿನಲ್ಲಿ. ಇಂತಹ ದಾರಿಯು ಅಖಂಡವಾಗಿ ಬೆಳೆಯುವ ಬಗೆ ಹೇಗೆ?

ಕಡಲಿಲ್ಲದ ಕೊರತೆಯನ್ನು ಆಳವಾಗಿ ಮನಗಂಡ ಮಹನೀಯರೊಬ್ಬರು ನಮ್ಮ ಜಿಲ್ಲೆಯವರೇ ಎಂಬುದು ಹೆಮ್ಮೆಯ ಮಾತು. ಮುದ್ದೇನಹಳ್ಳಿಯ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ೧೯೧೨ರಿಂದ ೧೯೧೮ರವರೆಗೆ ಮೈಸೂರಿನ ದಿವಾನರಾಗಿದ್ದರು. ಭಟ್ಕಳವು ಮೈಸೂರಿನ ರೇವುಪಟ್ಟಣವಾಗಬೇಕು, ಅಲ್ಲಿಗೆ ಘಟ್ಟವನ್ನಿಳಿದು ರೈಲು ಹೋಗಬೇಕು ಎಂಬುದು ಅವರು ಮುಂದಿಟ್ಟ ಯೋಜನೆಗಳಲ್ಲಿ ಒಂದು. ಅದು ಕೈಗೂಡಲಿಲ್ಲ. ಮೈಸೂರಿನವರಿಗೆ ಕಡಲೆಂಬುದು ಪರಪ್ರಾಂತದ ವಸ್ತುವಾಗಿಯೇ ಉಳಿಯಿತು. ೧೯೩೦ರ ಏಪ್ರಿಲ್ ೧೩ರಂದು ಅಂಕೋಲೆಯಲ್ಲಿ ಕನ್ನಡಿಗರು ಉಪ್ಪಿನ ಕಾಯಿದೆಯನ್ನು ಮುರಿದುದು ಮುಂಬಯಿ ಸರ್ಕಾರದ ಎದುರಿನಲ್ಲಿ. ೧೯೩೮ರ ಏಪ್ರಿಲ್ ೨೫ರಂದು ನಮ್ಮ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಧ್ವಜಕ್ಕಾಗಿ ಜನರು ಗುಂಡಿಗೆ ಎದೆಗೊಟ್ಟುದು ಮೈಸೂರು ಸಂಸ್ಥಾನದಲ್ಲಿ. ಹೋರಾಟ ಒಂದೇ ಆದರೂ ಆಡಳಿತಗಳು ಬೇರೆ. ೧೯೫೬ರ ನವೆಂಬರ್ ೧ರಂದು ಉತ್ತರ ಕನ್ನಡ, ದಕ್ಷಿಣ ಕನ್ನಡಗಳು ಹೊಸ ಮೈಸೂರು ರಾಜ್ಯದಲ್ಲಿ ಕೂಡಿದಾಗ, ಮಂಗಳೂರಿನಿಂದ ಕಾರವಾರದ ದಾರಿಯು ಒಂದೇ ಆಡಳಿತಕ್ಕೆ ಬಂದಿತು. ಸಾದಲಿಯ ಒಕ್ಕಲಿಗೂ ೧೫೭ ವರ್ಷಗಳ ಮೇಲೆ ತನ್ನ ರಾಜ್ಯದಲ್ಲಿಯೇ ಒಂದು ಕಡಲು ದೊರೆಯಿತು.

೬

ಕಡವುಗಳನ್ನು ಸೇತುವೆಗಳು ಗೆದ್ದುದು ಒಮ್ಮೆಗೇ ಅಲ್ಲ. ಮೋಟಾರು ಬಂದಮೇಲೆಯೂ ದಾರಿಯು ತುಂಡುತುಂಡಾಗಿಯೇ ಇದ್ದಿತು. ೧೯೧೪ರಲ್ಲಿ ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿಯು ಸ್ಥಾಪಿತವಾಗಿ ಬಸ್ಸುಗಳು ಓಡಲಾರಂಭಿಸಿದುವು. ಆದರೆ ದೊಡ್ಡ ಹೊಳೆಯ ದಡಕ್ಕೆ ಬಂದೊಡನೆ ಬಸ್ಸಿನ ಪಯಣವು ಮುಗಿಯುತ್ತಿದ್ದಿತು. ಜನರು ಗಂಟುಮೂಟೆಗಳೊಡನೆ ಇಳಿದು, ದೋಣಿಯಲ್ಲಿ ದಾಟಿ, ಆಚೆಯ ದಡದಲ್ಲಿ ನಿಂತಿರುವ ಇನ್ನೊಂದು ಬಸ್ಸನ್ನು ಹತ್ತಬೇಕು. ಮೋಟಾರು ಬಂಡಿಯನ್ನೇ ದಾಟಿಸಬೇಕಾದರೆ ಎರಡು ದೋಣಿಗಳನ್ನು ಜೋಡಿಸಿ, ಮೇಲೆ ಹಲಗೆಯನ್ನು ಹಾಸಿದ ಜಂಗಲ್ ಬೇಕಾಗುವುದು. ಮಳೆಗಾಲದಲ್ಲಿ ಕೆನ್ನೀರು ಬಂದರೆ ತಾರಿಯೂ ನಿಲ್ಲುವುದು. ಮುಂಬಯಿಗೆ ಹೋಗುವ ಮಂಗಳೂರಿನವರು ಇಷ್ಟೆಲ್ಲ ಹೊಳೆಗಳನ್ನು ದಾಟುವ ಬದಲು ಆಗಬೋಟನ್ನೇ ಹತ್ತುತ್ತಿದ್ದರು.

ಸ್ವಾತಂತ್ರ್ಯವು ಬಂದ ಮೇಲಿನ ದಶಕಗಳಲ್ಲಿ ಹೊಳೆಗಳ ಮೇಲೆ ಒಂದೊಂದಾಗಿ ಸೇತುವೆಗಳು ಎದ್ದುವು. ಪಣವೇಲಿನಿಂದ ಕೇರಳಕ್ಕೆ ಹೋಗುವ ೧೭ನೆಯ ರಾಷ್ಟ್ರೀಯ ಹೆದ್ದಾರಿಯೆಂದು ಈ ದಾರಿಗೆ ಹೆಸರಾಯಿತು. ೨೦೧೦ರಲ್ಲಿ ಅಂಕಿಯು ೬೬ ಎಂದು ಬದಲಾಯಿತು. ೧೯೯೮ರ ಜನವರಿ ೨೬ರಂದು ಕೊಂಕಣ ರೈಲು ಮಾರ್ಗವು ಪೂರ್ಣವಾಗಿ ತೆರೆಯಿತು. ಹೊನ್ನಾವರದಲ್ಲಿ ಶರಾವತಿಯ ಮೇಲಣ ಅದರ ಸೇತುವೆಯು ೨ ಕಿಲೋಮೀಟರಿಗಿಂತಲೂ ಉದ್ದವಾದುದು. ಹೀಗೆ ವಾರಗಳ ಪಯಣವು ಗಂಟೆಗಳ ಪಯಣವಾಯಿತು. ಹೆರಿಗೆಗೆ ಹೋಗಬೇಕಾದ ಹೆಂಗಸಿಗೂ ಶಾಲೆಗೆ ಹೋಗುವ ಮಗುವಿಗೂ ಸೇತುವೆಯಿಂದ ಆದ ಉಪಕಾರವನ್ನು ಬಲ್ಲವರು ಹಳೆಯ ಕಡವುಗಳಿಗಾಗಿ ಕಣ್ಣೀರಿಡಲಾರರು.

ಆದರೆ ಸೇತುವೆಗಳಿಂದ ಒಂದು ಸಂಗತಿಯು ಮರೆಯಾಯಿತು. ದಾರಿಯು ನೇರವಾದಾಗ ಹಳೆಯ ಊರುಗಳು ಬದಿಗೆ ಸರಿದುವು. ಆಳುಪರ ರಾಜಧಾನಿಯಾಗಿದ್ದ ಬಾರಕೂರು, ಶಿವಾಜಿಯ ಕಣ್ಣನ್ನು ಸೆಳೆದ ಬಸರೂರು—ಇವೆರಡೂ ಹೆದ್ದಾರಿಯಿಂದ ಕೆಲವೇ ಕಿಲೋಮೀಟರು ಮೂಡಣಕ್ಕಿವೆ. ಕಡಲನ್ನೇ ನೋಡುತ್ತ ಓಡುವವರಿಗೆ ಇವು ಕಾಣುವುದಿಲ್ಲ. ಮೆಣಸಿನ ರಾಣಿಯೆಂದು ಪೋರ್ತುಗೀಸರು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರಿನೊಡನೆ ಬೆಸೆದುಕೊಂಡಿರುವ ಮಿರ್ಜಾನದ ಜಂಬಿಟ್ಟಿಗೆಯ ಕೋಟೆಯು ದಾರಿಗೆ ಅತಿ ಸಮೀಪದಲ್ಲಿದ್ದರೂ ತಿರುಗಿ ನೋಡುವವರು ಕೆಲವರೇ.

೭

ಹೀಗಿರಲು, ದಾರಿಗನನ್ನು ಮತ್ತೆ ನಿಲ್ಲಿಸಿದುದು ಯಾವುದು? ಛಾಯಾಚಿತ್ರವೇ. ಇದು ವಿಚಿತ್ರವಾದರೂ ಸತ್ಯ. ಕಡವು ಹೋದಮೇಲೆ ಆ ತೀರದಲ್ಲಿ ಮನುಷ್ಯನನ್ನು ಬಂಡಿಯಿಂದ ಇಳಿಸುವ ಶಕ್ತಿಯು ಆ ಪುಟ್ಟ ಯಂತ್ರಕ್ಕೆ ಉಳಿದಿದೆ.

ಆ ಯಂತ್ರದ ಚರಿತ್ರೆಯೂ ಸ್ವಾರಸ್ಯವಾದುದು. ೧೮೩೯ರಲ್ಲಿ ಪ್ಯಾರಿಸಿನಲ್ಲಿ ಈ ವಿದ್ಯೆಯು ಪ್ರಕಟವಾಯಿತು. ೧೮೫೬ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿಯು ಹಂಪೆಯ ಹಾಳುಗಳನ್ನು ಮೇಣದ ಕಾಗದದ ಮೇಲೆ ಚಿತ್ರಿಸಿದನು. ಅವನ ಚಿತ್ರಗಳಲ್ಲಿ ಕಾಣುವ ಎಷ್ಟೋ ಗೋಪುರ, ಕಂಬಗಳು ಮುಂದೆ ರೂಪಗೆಟ್ಟುವು, ಕೆಲವು ಬಿದ್ದುಹೋದುವು; ಮುಂದಿನವರು ಅದೇ ಎಡೆಗಳಲ್ಲಿ ನಿಂತು ಮತ್ತೆ ಚಿತ್ರಗಳನ್ನು ತೆಗೆದು ಹೋಲಿಸಿದಾಗ ಕಾಲವು ಮಾಡಿದ ಹಾನಿಯ ಲೆಕ್ಕವು ದೊರೆಯಿತು. ಕರಾವಳಿಯಲ್ಲಿ, ೧೮೩೪ರಿಂದ ಮಂಗಳೂರಿನಲ್ಲಿ ನೆಲೆಸಿದ ಬಾಸೆಲ್ ಮಿಶನ್ನಿನವರು ಅಚ್ಚುಕೂಟ, ಹಂಚಿನ ಕಾರ್ಖಾನೆಗಳೊಡನೆ ಛಾಯಾಚಿತ್ರಗಳನ್ನೂ ಬಳಸಿದರು. ಅವರು ಸ್ವದೇಶಕ್ಕೆ ಕಳುಹಿಸಿದ ಚಿತ್ರಗಳು ಬಾಸೆಲಿನ ಭಂಡಾರದಲ್ಲಿ ಇಂದಿಗೂ ಸುರಕ್ಷಿತವಾಗಿವೆ. ಆ ಕಾಲದಲ್ಲಿ ಚಿತ್ರವನ್ನು ತೆಗೆಯುವುದೆಂದರೆ ಗಾಜಿನ ಹಲಗೆ, ಮದ್ದುಗಳು, ಕತ್ತಲೆಯ ಗುಡಾರ—ಇವೆಲ್ಲವನ್ನೂ ಹೊರಿಸಿಕೊಂಡು ಹೋಗಿ, ಒಂದು ಎಡೆಯಲ್ಲಿ ಗಂಟೆಗಟ್ಟಲೆ ನಿಲ್ಲುವುದು. ೧೮೮೮ರಲ್ಲಿ ಕೋಡಾಕ್ ಪೆಟ್ಟಿಗೆಯು ಬಂದು ಈ ಕೆಲಸವನ್ನು ಸುಲಭಗೊಳಿಸಿತು. ಇಂದು ಅದು ಎಲ್ಲರ ಅಂಗೈಯ ಫೋನಿನಲ್ಲಿ ಅಡಗಿ ಕುಳಿತಿದೆ. ಯಂತ್ರವು ಹಗುರವಾದಂತೆ ನಿಲುಗಡೆಯೂ ಕಿರಿದಾಗಿದೆ. ಐದು ನಿಮಿಷಕ್ಕೆ ಮಿಕ್ಕಿ ನಿಲ್ಲುವವರು ಈಗ ಅಪರೂಪ.

ನಿಂತು ನೋಡಿದರೆ ಒಂದೊಂದು ಎಡೆಯೂ ಎಷ್ಟನ್ನು ಹೇಳುವುದು! ಮರವಂತೆಯಲ್ಲಿ ದಾರಿಯ ಒಂದು ಮಗ್ಗುಲಲ್ಲಿ ಕಡಲು, ಇನ್ನೊಂದು ಮಗ್ಗುಲಲ್ಲಿ ಸೌಪರ್ಣಿಕೆ. ಕೊಲ್ಲೂರಿನ ಕಡೆಯಿಂದ ಬಂದ ಆ ಹೊಳೆ ಕಡಲಿನ ಅತಿ ಸಮೀಪಕ್ಕೆ ಬಂದೂ ಅದನ್ನು ಸೇರದೆ, ಮರಳಿನ ದಿಬ್ಬವನ್ನು ಬಳಸಿ ದಕ್ಷಿಣಕ್ಕೆ ತಿರುಗಿ, ಗಂಗೊಳ್ಳಿಯ ಬಳಿ ಉಳಿದ ಹೊಳೆಗಳನ್ನು ಕೂಡಿಕೊಂಡು ಅಳಿವೆಗೆ ಹೋಗುವುದು. ನಮ್ಮ ಬಂಡಿಗಳು ಓಡುವುದು ಆ ದಿಬ್ಬದ ಮೇಲೆ. ಅಲೆಗಳು ಆ ದಡವನ್ನು ಕೊರೆಯುತ್ತಿರುವುದರಿಂದಲೇ ಅಲ್ಲಿ ಬಂಡೆಗಳನ್ನು ಸುರಿದು ತಡೆಗಳನ್ನು ಕಟ್ಟಿರುವರು. ಚಿತ್ರದಲ್ಲಿ ಆ ಬಂಡೆಗಳನ್ನು ಬಿಟ್ಟು ತೆಗೆಯುವವನು ಅರ್ಧ ಸತ್ಯವನ್ನು ಬಿಟ್ಟಂತಾಯಿತು. ಕುಮಟೆಯ ಬಳಿ ಅಣೆಕಟ್ಟುಗಳ ಕಟ್ಟಿಲ್ಲದೆ ಹರಿಯುವ ಅಘನಾಶಿನಿಯ ಅಳಿವೆಯಲ್ಲಿ ಗಜನಿ ಎಂಬ ಗದ್ದೆಗಳಿವೆ. ಉಪ್ಪುನೀರನ್ನು ತಾಳುವ ಕಗ್ಗ ಎಂಬ ಬತ್ತವು ಅಲ್ಲಿ ಬೆಳೆಯುವುದು; ಚಿಪ್ಪಿಯನ್ನು ಆಯ್ದು ಜೀವಿಸುವ ಸಂಸಾರಗಳೂ ಅಲ್ಲಿವೆ. ೨೦೨೪ರಲ್ಲಿ ಆ ಅಳಿವೆಯು ರಾಮ್ಸಾರ್ ಪಟ್ಟಿಯನ್ನು ಸೇರಿ ಜಗತ್ತಿನ ಮನ್ನಣೆಯನ್ನು ಪಡೆಯಿತು. ಕಾಳಿಯ ಮುಖದಲ್ಲಿ, ೧೮೮೩ರ ಸುಮಾರಿನಲ್ಲಿ, ತಮ್ಮ ಅಣ್ಣ ಸತ್ಯೇಂದ್ರನಾಥರು ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, ತರುಣ ರವೀಂದ್ರನಾಥ ಠಾಕೂರರು ತಂಗಿದ್ದರು. ಬೆಳ್ದಿಂಗಳಲ್ಲಿ ಆ ಹೊಳೆಯ ಮೇಲೆ ದೋಣಿಯಲ್ಲಿ ಹೋಗಿಬಂದುದನ್ನು ತಮ್ಮ ಜೀವನಸ್ಮೃತಿಯಲ್ಲಿ ಅವರು ನೆನೆದಿರುವರು. ಅಲ್ಲಿಗೆ ಸಮೀಪದಲ್ಲಿ ಈಗ ೨೦೦೫ರಲ್ಲಿ ಸ್ಥಾಪಿತವಾದ ನೌಕಾನೆಲೆಯಿದ್ದು, ಆ ಭಾಗದಲ್ಲಿ ಚಿತ್ರ ತೆಗೆಯುವುದಕ್ಕೆ ನಿಷೇಧವುಂಟೆಂಬುದನ್ನೂ ಪಯಣಿಗರು ಮರೆಯಬಾರದು.

೮

ಹೊಳೆಗಳನ್ನೂ ಗುಡ್ಡಗಳನ್ನೂ ನಾವು ಗೆದ್ದೆವೆಂಬ ಭಾವನೆಯು ೨೦೨೪ರ ಮಳೆಗಾಲದಲ್ಲಿ ಅಲುಗಿತು. ಜುಲೈ ೧೬ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ, ಹೆದ್ದಾರಿಗಾಗಿ ಕಡಿದಿದ್ದ ಗುಡ್ಡವು ಕುಸಿದು, ದಾರಿಯ ಬದಿಯ ಚಹದಂಗಡಿಯನ್ನೂ ಅಲ್ಲಿ ನಿಂತವರನ್ನೂ ಗಂಗಾವಳಿಗೆ ನೂಕಿತು. ಕೊಚ್ಚಿಹೋದ ಒಂದು ಲಾರಿಯನ್ನು ಹೊಳೆಯ ತಳದಿಂದ ಎತ್ತಲು ಎರಡು ತಿಂಗಳಿಗೂ ಹೆಚ್ಚು ಕಾಲ ಹಿಡಿಯಿತು. ಇದಾಗಿ ಮೂರು ವಾರಗಳಲ್ಲಿ, ಆಗಸ್ಟ್ ೭ರ ನಡುರಾತ್ರಿ, ಕಾರವಾರದಲ್ಲಿ ಕಾಳಿಯ ಮೇಲಣ ಸುಮಾರು ೪೦ ವರ್ಷಗಳ ಹಳೆಯ ಸೇತುವೆಯು ಮುರಿದು ಬಿದ್ದಿತು. ಒಂದು ಲಾರಿಯು ನೀರಿಗೆ ಬಿದ್ದರೂ ಚಾಲಕನನ್ನು ಉಳಿಸಿದರು. ಪಕ್ಕದಲ್ಲಿ ಹೊಸ ಸೇತುವೆಯಿಲ್ಲದಿದ್ದರೆ ಸದಾಶಿವಗಡದ ಜನರು ಮತ್ತೆ ದೋಣಿಯ ಕಾಲಕ್ಕೆ ಮರಳಬೇಕಾಗುತ್ತಿತ್ತು. ಕಡವಿನ ಕಾಲದವರು ಹೊಳೆಯನ್ನು ಅಂಜಿ ದಾಟುತ್ತಿದ್ದರು. ಅದರ ಏರಿಳಿತವನ್ನು ಬಲ್ಲ ಅಂಬಿಗನ ಮಾತಿಗೆ ಬೆಲೆ ಕೊಡುತ್ತಿದ್ದರು. ಗುಡ್ಡವನ್ನು ಎಷ್ಟು ಕಡಿಯಬಹುದು, ಸೇತುವೆಯ ಬಾಳು ಎಷ್ಟು ಎಂದು ಕೇಳುವ ಎಚ್ಚರವನ್ನು ನಾವು ಹೊಸದಾಗಿ ಕಲಿಯಬೇಕಾಗಿದೆ.

ಈ ಪ್ರಶ್ನೆಗಳು ಕರಾವಳಿಯವರಿಗೆ ಮಾತ್ರ ಸೇರಿದುವೆಂದು ನಮ್ಮ ಜಿಲ್ಲೆಯ ವಾಚಕರು ಭಾವಿಸಲಾಗದು. ನೇತ್ರಾವತಿಯ ತಲೆಹೊಳೆಗಳಲ್ಲಿ ಒಂದಾದ ಎತ್ತಿನಹೊಳೆಯಿಂದ ೨೪ ಟಿ.ಎಂ.ಸಿ.ಯಷ್ಟು ನೀರನ್ನೆತ್ತಿ ಮೂಡಣದ ಬರಗಾಲದ ಜಿಲ್ಲೆಗಳಿಗೆ ತರುವ ಯೋಜನೆಗೆ ೨೦೧೪ರ ಮಾರ್ಚ್ ತಿಂಗಳಿನಲ್ಲಿ ಶಂಕುಸ್ಥಾಪನೆಯಾದುದು ನಮ್ಮ ಚಿಕ್ಕಬಳ್ಳಾಪುರದಲ್ಲಿಯೇ. ಮೊದಲ ಹಂತಕ್ಕೆ ೨೦೨೪ರ ಸೆಪ್ಟೆಂಬರ್ ೬ರಂದು ಸಕಲೇಶಪುರದ ಬಳಿ ಚಾಲನೆ ದೊರೆಯಿತು. ನೂರಾರು ಅಡಿ ಆಳದ ಕೊಳವೆಬಾವಿಗಳೂ ಬತ್ತಿರುವ ನಮಗೆ ಆ ನೀರು ಜೀವನದ ಪ್ರಶ್ನೆ. ಅಳಿವೆಯ ಮೀನು, ದಡದ ಗದ್ದೆ, ಘಟ್ಟದ ಕಾಡು—ಇವುಗಳನ್ನು ನಂಬಿದ ತೀರದ ಜನರಿಗೂ ಅದು ಜೀವನದ ಪ್ರಶ್ನೆಯೇ. ಅವರು ಆ ಯೋಜನೆಯನ್ನು ವಿರೋಧಿಸಿದುದು ಅದರಿಂದಲೇ. ಯಾರ ವಾದವು ಹೆಚ್ಚು ತೂಕದ್ದೆಂದು ತೀರ್ಮಾನಿಸುವುದು ಈ ಲೇಖನದ ಕೆಲಸವಲ್ಲ. ಆದರೆ ಶಿಡ್ಲಘಟ್ಟದ ರೇಷ್ಮೆಯ ಬೆಳೆಗಾರನು ಮಂಗಳೂರಿನ ಬಳಿ ನೇತ್ರಾವತಿಯ ಸೇತುವೆಯ ಮೇಲೆ ನಿಂತು ಚಿತ್ರವನ್ನು ತೆಗೆಯುವಾಗ, ಆ ನೀರಿನ ಕಥೆಯು ತನ್ನ ಹಿಪ್ಪುನೇರಳೆಯ ತೋಟದ ಕಥೆಯೊಡನೆ ಕೂಡಿರುವುದೆಂದು ತಿಳಿದಿರಬೇಕು. ತಿಳಿಯದೆ ನೀರನ್ನು ಬೇಡುವುದೂ ತಿಳಿಯದೆ ಬೇಡವೆನ್ನುವುದೂ ಒಂದೇ ಬಗೆಯ ತಪ್ಪು.

ಆದುದರಿಂದ ಆ ದಾರಿಯಲ್ಲಿ ಹೋಗುವ ನಮ್ಮ ಸಂಸಾರಗಳಲ್ಲಿ ಎರಡು ಬಿನ್ನಹಗಳು. ಚಿತ್ರಕ್ಕಾಗಿ ನಿಂತ ಎಡೆಯಲ್ಲಿ ಹತ್ತು ನಿಮಿಷ ಹೆಚ್ಚಾಗಿ ನಿಂತು, ಅಲ್ಲಿಯ ಬೆಸ್ತರನ್ನೋ ಎಳನೀರಿನ ಅಂಗಡಿಯವರನ್ನೋ, ಹಿಂದೆ ಇಲ್ಲಿ ಹೊಳೆಯನ್ನು ಹೇಗೆ ದಾಟುತ್ತಿದ್ದರೆಂದು ಮಕ್ಕಳಿಂದ ಕೇಳಿಸಿರಿ. ದೋಣಿಯಲ್ಲಿ ದಾಟಿದ ನೆನಪುಳ್ಳ ಹಿರಿಯರು ಆ ಊರುಗಳಲ್ಲಿ ಇನ್ನೂ ಇದ್ದಾರೆ. ಅವರು ಹೇಳಬಲ್ಲುದನ್ನು ಯಾವ ಗ್ರಂಥವೂ ಹೇಳಲಾರದು. ಮನೆಗೆ ಬಂದಮೇಲೆ ಒಳ್ಳೆಯ ನಾಲ್ಕಾರು ಚಿತ್ರಗಳನ್ನು ಕಾಗದದ ಮೇಲೆ ಮುದ್ರಿಸಿ, ಹಿಂಭಾಗದಲ್ಲಿ ತಾರೀಖು, ಸ್ಥಳ, ಹೊಳೆಯ ಹೆಸರು, ಅಂದು ಅಲ್ಲಿ ಕೇಳಿದ ಒಂದೆರಡು ಮಾತುಗಳನ್ನು ಬರೆದಿಡಿರಿ. ಗ್ರೀನ್‌ಲಾನ ಕಾಗದಗಳು ಹಂಪೆಗೆ ಉಪಕಾರ ಮಾಡಿದಂತೆ, ಮರವಂತೆಯ ದಡವು ಎಷ್ಟು ಸರಿಯಿತು, ಗುಡ್ಡವು ಎಲ್ಲಿಯವರೆಗೆ ಇದ್ದಿತು, ಅಳಿವೆಯ ನೀರು ಯಾವ ಮಟ್ಟದಲ್ಲಿತ್ತು ಎಂದು ಮುಂದೆ ವಿಚಾರಿಸುವವರಿಗೆ, ಸಾದಲಿಯ ಮನೆಯೊಂದರ ಪೆಟ್ಟಿಗೆಯಲ್ಲಿರುವ ಅಂತಹ ಚಿತ್ರವೂ ಒಂದು ದಿನ ಆಧಾರವಾಗಬಹುದು.